ಉಜ್ಜಿ ತೆಗೆದ ಹೆಸರು

"ಅಣ್ಣಾ, ಇಲ್ಲೊಂದು ಹೆಸ್ರಿತ್ತು. ಯಾರೋ ಉಜ್ಜಿ ತೆಗ್ದಿದ್ರು. ಎಂತಾ ಜನ ಮಾರಾಯಾ! ಪಾಪ, ಯಾವ ಹೆಣ್ಣಿನ ಕೊಡವೋ ಏನೋ."

ಹೊನ್ನಾವರದಿಂದ ಬಂದಿದ್ದ ತಂಗಿ ತಾಮ್ರದ ಕೊಡದ ಕಂಠವನ್ನು ಬೆರಳಿನಿಂದ ಸವರುತ್ತಿದ್ದಳು. ಕುಮಟಾದ ಗುಜರಿ ಅಂಗಡಿಗಳಿಂದ ಹಳೆಯ ಕಪಾಟು, ಪಿಂಗಾಣಿ ಭರಣಿಗಳನ್ನು ತಂದು ಸೊಸೆ ನಮ್ಮ ಅಡುಗೆಮನೆಯ ರೂಪವನ್ನೇ ಬದಲಿಸಿದ್ದಳು. ಕೊಡವನ್ನೂ ಗುಜರಿಯಿಂದಲೇ ತಂದೆನೆಂದು ನಾನು ಎಲ್ಲರಿಗೂ ಹೇಳಿದ್ದೆ.

ಅದು ಸುಳ್ಳು. ತಂಗಿಗೆ ಕೊಡಲೆಂದು, ಅವಳಿಗೂ ಹೇಳದೆ, ಅಮ್ಮ ಅವಳ ಹೆಸರು ಕೆತ್ತಿಸಿಟ್ಟಿದ್ದ ಕೊಡ ಅದು. ಅಮ್ಮ ತೀರಿಕೊಂಡ ತಿಂಗಳಲ್ಲೇ ಅರ ಹಿಡಿದು ಹೆಸರು ಉಜ್ಜಿದವನು ನಾನು. ಮೂವತ್ತು ವರ್ಷ ಅಟ್ಟದಲ್ಲಿ ಅಡಗಿಸಿಟ್ಟಿದ್ದೆ; ಸೊಸೆ ತಂದ ಹಳೆಯ ಸಾಮಾನಿನ ನಡುವೆ ಗುರುತು ಸಿಗದೆಂದು ಈಗಷ್ಟೇ ಕೆಳಗಿಳಿಸಿದ್ದೆ.

"ಚಾ ಆರ್ತು, ಕುಡಿ" ಎಂದಷ್ಟೇ ನನ್ನ ಬಾಯಿಂದ ಬಂತು.

ಸಂಜೆ ಅವಳು ಬಸ್ಸು ಹತ್ತಿ ಹೋದಳು. ಎದುರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಅದಕ್ಕೇ ಇದನ್ನು ಬರೆದು ಪತ್ರಿಕೆಗೆ ಕಳಿಸಿದ್ದೇನೆ; ಅವಳ ಮನೆಗೂ ಬರುವುದು ಇದೇ ಪತ್ರಿಕೆ. ಆ ಹೆಣ್ಣು ನೀನೇ, ತಂಗಿ.