ಮೂಲೆ ಸವೆದ ಮೊಳೆ

ಗಿಣಿಗೇರಾದಲ್ಲಿ ನಮ್ಮದೊಂದು ತಗಡಿನ ಶೆಡ್ ಇದೆ. ಅಣ್ಣ ಕಾರ್ಖಾನೆಯ ಕುಲುಮೆ ಕೆಲಸ ಬಿಟ್ಟು ಬಂದು ಹಾಕಿದ ಶೆಡ್ ಅದು. ಒಳಗೆ ಒಂದು ಹಳೆಯ ಮಿಲ್ಲಿಂಗ್ ಮಷೀನ್, ನಾವಿಬ್ಬರು.

ಕಂಪನಿಯೊಂದರ ಸಾಹೇಬರಿಗೆ ತಾಮ್ರದ ಪಟ್ಟಿಗೆ ಅಲ್ಯುಮಿನಿಯಂ ಪಟ್ಟಿ ಕೂಡಿಸಿ ಕೊಡುವವರು ಬೇಕಿತ್ತು. ಗ್ಯಾಸಿನಲ್ಲಿ ಬೆಸೆದರೆ ಬಿರಿಯುತ್ತದೆ. ಅದಕ್ಕೇ ಉಕ್ಕಿನ ಟೂಲನ್ನು ಮಷೀನಿಗೆ ಕಟ್ಟಿ, ಜೋರಾಗಿ ತಿರುಗಿಸುತ್ತ ಎರಡರ ಸಂದಿಗೆ ಒತ್ತಬೇಕು. ಟೂಲಿನ ತುದಿಗೆ ಗಿಡ್ಡ ಮೊಳೆ ಇರುತ್ತದೆ. ಅದು ಲೋಹವನ್ನು ಕರಗಿಸುವುದಿಲ್ಲ. ತಿಕ್ಕಿ ಮೆತ್ತಗೆ ಮಾಡಿ ಕಲೆಸುತ್ತದೆ.

ಮೊದಲು ಗುಂಡು ಮೊಳೆ ಮಾಡಿದೆವು. ಮೇಲೆ ನುಣ್ಣಗೆ ಕಂಡಿತು. ಕತ್ತರಿಸಿದರೆ ಒಳಗೆ ಇಲಿಬಿಲದಂಥ ತೂತು.

"ಗುಂಡ ಕಟಗಿಲೆ ಕಡ್ಲಿಹಿಟ್ಟಿನ ಜುಣಕ ತಿರುವಿದ್ರ ಗಂಟು ಒಡೀತಾವೇನಲೇ? ಮೂಲಿ ಬೇಕು," ಅಂದ ಅಣ್ಣ.

ಚೌಕದ ಮೊಳೆ ಮಾಡಿ, ಗಟ್ಟಿಯಾಗಲಿ ಅಂತ ಹೊರಗೆ ಕಳಿಸಿ, ಕಾಯಿಸಿ ಹದ ಕೊಡಿಸಿದ. ಅದರಿಂದ ಮಾಡಿದ ಬೆಸುಗೆ ಎಷ್ಟು ಬಗ್ಗಿಸಿದರೂ ಮುರಿಯಲಿಲ್ಲ. ದಸರಾ ಮುಗಿದ ಮೇಲೆ ಸಾಹೇಬರು ಬಂದು ಕಣ್ಣೆದುರೇ ಮಾಡಿಸಿ ನೋಡುವವರಿದ್ದರು. ಪಾಸಾದರೆ ಕೆಲಸ ನಮಗೆ. ಅಣ್ಣ ಮತ್ತೆ ಕುಲುಮೆಗೆ ಹೋಗಬೇಕಿರಲಿಲ್ಲ.

ಮಹಾನವಮಿಗೆ ಶೆಡ್ಡಿನ ಸಾಮಾನೆಲ್ಲ ತಿಕ್ಕಿ ಪೂಜೆಗಿಡುತ್ತೇವೆ. ಮೊಳೆಗೆ ಅಲ್ಯುಮಿನಿಯಂ ಮೆತ್ತಿ ಕರ್ರಗಾಗಿತ್ತು. ಅಣ್ಣ ಗ್ರೈಂಡರಿಗೆ ಹಿಡಿದ.

"ಹೊಲಸು ಇಟಗೊಂಡು ಪೂಜಿ ಮಾಡ್ತಾರೇನು? ನೋಡಲೇ, ಹೆಂಗ ಹೊಳೀತೈತಿ!"

"ಮದುಮಗನಂಗ ಕಾಣ್ತೈತಣ್ಣಾ," ಅಂದೆ. ನನಗೂ ಚೆಂದ ಕಂಡಿತ್ತು. ಕುಂಕುಮ ಹಚ್ಚಿದೆವು.

ಸಾಹೇಬರು ಬಂದರು. ಬೆಸುಗೆ ಮೇಲೆ ನುಣ್ಣಗೇ ಬಂತು. ಅವರು ಅದನ್ನು ವೈಸಿನ ದವಡೆಗೆ ಕಚ್ಚಿಸಿ ಒಂದು ಸಲ ನೂಕಿದರು. ಟಕ್ ಅಂತ ಎರಡಾಯಿತು. ತಾಮ್ರ ತಾಮ್ರವಾಗೇ ಇತ್ತು, ಅಲ್ಯುಮಿನಿಯಂ ಅಲ್ಯುಮಿನಿಯಂ ಆಗೇ ಇತ್ತು.

"ಅಂಟು ಹಚ್ಚಿ ಕೂಡಿಸೀರೇನ್ರಿ?" ಅಂತ ನಕ್ಕರು.

"ಇನ್ನೊಂದ್ಸಲ ನೋಡ್ರಿ ಸಾಹೇಬ್ರ. ಮೊನ್ನಿ ಎಷ್ಟ್ ಬಗ್ಗಿಸಿದ್ರೂ ಮುರಿದಿದ್ದಿಲ್ರಿ," ಅಂದ ಅಣ್ಣ.

"ಮೊನ್ನಿದು ತಗೊಂಡು ನಾ ಏನ್ ಮಾಡ್ಲಿ? ಇವತ್ತಿಂದು ಮುರೀತಲ್ಲ," ಅಂದು ಹೊರಟೇಬಿಟ್ಟರು.

ಅಣ್ಣ ಟೂಲ್ ಬಿಚ್ಚಿ ಮೊಳೆಯ ಸುತ್ತ ಹೆಬ್ಬೆರಳು ಆಡಿಸಿದ. ಬೆರಳು ಎಲ್ಲೂ ತಡೆಯಲಿಲ್ಲ. ಗ್ರೈಂಡರು ಮೂಲೆಗಳನ್ನೆಲ್ಲ ತಿಂದುಹಾಕಿತ್ತು.

"ಪೂಜಿ ಮಾಡಿ ಗುಂಡ ಮಾಡಿದ್ನಲ್ಲೋ ತಮ್ಮಾ," ಅಂದ.

ಇನ್ನೊಂದು ಚೌಕದ ಮೊಳೆ ಮಾಡಿ, ಹದ ಕೊಡಿಸಿ ತಂದು, ಬೆಸೆದು ನೋಡುವಷ್ಟರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು. ಅಣ್ಣ ಕುಲುಮೆಗೆ ವಾಪಸು ಹೋದ. ಈಗಲೂ ಅಲ್ಲೇ ಇದ್ದಾನೆ.

ಮಹಾನವಮಿಗೆ ಈಗ ಸಾಮಾನು ತಿಕ್ಕುವವನು ನಾನು. ಆಮೇಲೆ ಮಾಡಿದ ಆ ಚೌಕದ ಮೊಳೆಯನ್ನು ಮಾತ್ರ ಮುಟ್ಟುವುದಿಲ್ಲ. ಕರ್ರಗೆ, ಮೆತ್ತಿದ್ದು ಮೆತ್ತಿದ ಹಾಗೇ ಪೂಜೆಗಿಡುತ್ತೇನೆ. ಅಣ್ಣ ಡ್ಯೂಟಿಯಿಂದ ಬಂದು ಅದರ ಮೂಲೆ ಮುಟ್ಟಿ ನೋಡುತ್ತಾನೆ. ಆಮೇಲೆ ಕೈಮುಗಿಯುತ್ತಾನೆ.