ಸಾವ್ಕಾರರ ಹೆಸರಿನ ಡಬ್ಬಿ

ಘೋಣಸಗಿಯಲ್ಲಿ ಯಾರಿಗಾದರೂ ಕೆಮ್ಮು ಬಂದರೆ ಮೊದಲು ಆಚೀಚೆ ನೋಡಿ, ಆಮೇಲೆ ಕೆಮ್ಮುತ್ತಾರೆ. ಸತ್ಯವ್ವ ಕೇಳಿಸಿಕೊಂಡಾಳು ಎಂಬ ಭಯ. ಟಿಕೋಟಾ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಖೊಕ್ ಎಂದರೆ ಸಾಕು, ಮುಂದಿನ ಸೀಟಿನಿಂದ ಎದ್ದು ಬಂದು, ಚೀಲದೊಳಗಿಂದ ಕಫ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ ತೆಗೆದು, "ಎಷ್ಟ ದಿನಾ ಆತೋ ಯಪ್ಪಾ ಇದು?" ಎಂದು ಎಲ್ಲರೆದುರೇ ಕೇಳುವ ಹೆಂಗಸು ಅವಳು. ಹೀಗೆ ಕೇಳುವಾಗ ಇಲ್ಲದ ಸಂಕೋಚ ರಿಪೋರ್ಟು ಬಂದ ಮೇಲೆ ಎಲ್ಲಿಂದಲೋ ಬಂದುಬಿಡುತ್ತಿತ್ತು. ಯಾರಿಗೆ ಟಿಬಿ, ಯಾರಿಗೆ ಇಲ್ಲ ಎಂಬುದು ಅವಳ ಬಾಯಿಂದ ಗಂಡನಿಗೂ ಗೊತ್ತಾಗುತ್ತಿರಲಿಲ್ಲ.

ತವರು ತೊರವಿ. ಎಸ್ಸೆಸ್ಸೆಲ್ಸಿ ಪಾಸಾಗಿ ಘೋಣಸಗಿಯ ಭಾಗಪ್ಪನನ್ನು ಮದುವೆಯಾಗಿ ಬಂದವಳು. ಆಶಾ ಕಾರ್ಯಕರ್ತೆಯಾಗಿ ಹದಿನಾಲ್ಕು ವರ್ಷಗಳಾಗಿದ್ದವು. ಕೊರೊನಾ ಕಾಲದಲ್ಲಿ ಪುಣೆಯಿಂದ ಬಂದವರನ್ನು ಶಾಲೆಯಲ್ಲಿ ಕೂಡಿಹಾಕಿದಾಗ ಅವಳಿಗೆ ಬಿದ್ದ ಬೈಗುಳಗಳನ್ನು ಬರೆದಿಟ್ಟಿದ್ದರೆ ಒಂದು ಪುಸ್ತಕವಾಗುತ್ತಿತ್ತು. ಅವಳು ಬರೆದಿಡಲಿಲ್ಲ, ಎಲ್ಲವನ್ನೂ ಅಲ್ಲಲ್ಲೇ ಬಡ್ಡಿ ಸಮೇತ ತಿರುಗಿಸಿದ್ದಳು.

ಕಫದ ಪರೀಕ್ಷೆ ಎಂಬುದು ಎಂಥ ಕೆಲಸವೆಂದು ಮಾಡಿದವರಿಗೇ ಗೊತ್ತು. ಬೆಳಿಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಎದೆಯಿಂದ ಕೆಮ್ಮಿ ಕಫ ತೆಗೆಯಿರಿ ಎಂದರೆ ಮುಕ್ಕಾಲು ಊರು ಬರೀ ಉಗುಳು ಕೊಡುತ್ತದೆ. ಎಲೆಅಡಿಕೆ ಹಾಕಿಕೊಂಡವರು ಕೆಂಪು ಉಗುಳು ಕೊಟ್ಟು, "ರಕ್ತ ಬೀಳಾಕತ್ತೇತಿ ನೋಡವ್ವಾ, ನಂದು ಮುಗೀತು" ಎಂದು ಅಳುತ್ತಾರೆ. ಗುರಣ್ಣ ಎಂಬ ಮುದುಕ ಡಬ್ಬಿ ಬಲು ಚಂದ ಐತೆಂದು ಅದರಲ್ಲಿ ಸುಣ್ಣ ತುಂಬಿಟ್ಟುಕೊಂಡ. ಎಂಟು ದಿನದ ಮೇಲೆ ತಂಬಾಕಿಗೂ ಒಂದು ಡಬ್ಬಿ ಬೇಕೆಂದು ಅವಳ ಬಾಗಿಲಿಗೆ ಬಂದಿದ್ದ.

ಇಷ್ಟೆಲ್ಲದರ ನಡುವೆ ಸತ್ಯವ್ವನಿಗೆ ತನ್ನ ಕಿವಿಯ ಮೇಲೆ ಬಹಳ ಜಂಬವಿತ್ತು. ಗೋಡೆಯಾಚೆ ಕೆಮ್ಮಿದರೂ ಹೇಳುತ್ತೇನೆ ಎನ್ನುವಳು: ಇದು ಬೀಡಿ ಕೆಮ್ಮು, ಇದು ನೆಗಡಿ ಕೆಮ್ಮು, ಇದು ಸೊಸಿ ಮುಂದ ಅತ್ತಿ ಮಾಡೋ ಸೋಗಿನ ಕೆಮ್ಮು. ಇನ್ನು ಗಂಧಕದ ಕೆಮ್ಮು ಆ ಊರಿನದೇ ಒಂದು ಬೆಳೆ. ಬೇಸಿಗೆ ಬಂತೆಂದರೆ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಗಂಧಕದ ಹೊಗೆ ಕೊಡುತ್ತಾರೆ, ಹಣ್ಣಿಗೆ ಬಂಗಾರದ ಬಣ್ಣ ಬರಲೆಂದು. ಹಣ್ಣಿಗೆ ಬಣ್ಣ ಬರುವಷ್ಟರಲ್ಲಿ ಅಲ್ಲಿ ದುಡಿಯುವವರ ಗಂಟಲು ಕಿತ್ತು ಹೋಗಿರುತ್ತದೆ. ಆ ದಿನಗಳಲ್ಲಿ ಆಳೂ ಕೆಮ್ಮುತ್ತಾನೆ, ಮಾಲೀಕನೂ ಕೆಮ್ಮುತ್ತಾನೆ, ಯಾರೂ ಯಾರ ಕೆಮ್ಮನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೆಡ್ಡಿನಲ್ಲಿ ದುಡಿಯುವ ಭಾಗಪ್ಪನೂ ಕೆಮ್ಮುತ್ತಿದ್ದ. ಸತ್ಯವ್ವ ಅವನಿಗೆ ಮೆಣಸು ಬೆಲ್ಲದ ಕಷಾಯ ಕಾಸಿ ಕೊಟ್ಟು, "ಗಂಧಕದ್ದು, ಮಳಿ ಬಿದ್ದ ಮ್ಯಾಲ ಹೋಗತೈತಿ" ಎಂದಿದ್ದಳು.

ಆ ವರ್ಷ ಅವಳ ಚಿಂತೆಯೆಲ್ಲ ಮನೆಯಲ್ಲಿದ್ದ ಕೂಸಿನದು. ಮಗಳು ಮಾಲಾ ಬಾಣಂತನಕ್ಕೆ ವಿಜಯಪುರದಿಂದ ಬಂದಿದ್ದಳು. ಕೂಸಿಗೆ ಮೂರು ತಿಂಗಳು. ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ನೋಡಲು ಬಂದ ನೆಂಟರಲ್ಲಿ ಒಬ್ಬಾಕೆ ಮೂಗು ಒರೆಸಿಕೊಂಡಳೆಂದು ಸತ್ಯವ್ವ ಅವಳನ್ನು ಚಹಾ ಕೊಟ್ಟು ಅಂಗಳದಿಂದಲೇ ಸಾಗಹಾಕಿದ್ದಳು. ಸಂಜೆ ಭಾಗಪ್ಪ ಜಳಕ ಮಾಡಿ ಬಂದು ಕೂಸನ್ನು ಎದೆಯ ಮೇಲೆ ಹಾಕಿಕೊಂಡು ಮಲಗಿದರೆ ಮಾತ್ರ ಅದು ಅಳು ನಿಲ್ಲಿಸುತ್ತಿತ್ತು.

ಇನ್ನು ಗುರಲಿಂಗಪ್ಪ ಸಾವ್ಕಾರರು. ಭಾಗಪ್ಪ ದುಡಿಯುವ ಶೆಡ್ಡು ಅವರದೇ. ಎರಡು ತಿಂಗಳಿಂದ ಕೆಮ್ಮುತ್ತಿದ್ದರು, ಸ್ವಲ್ಪ ಸೊರಗಿಯೂ ಇದ್ದರು. ಸತ್ಯವ್ವ ಡಬ್ಬಿ ಹಿಡಿದು ಹೋದರೆ, "ಟಿಬಿ ಬರಾಕ ನಾನೇನ ಉಪವಾಸ ಬಿದ್ದೇನೇನ?" ಎಂದು ಗದರಿ ಕಳಿಸಿದರು. ನಿಜವಾದ ಕಾರಣ ಬೇರೆಯೇ ಇತ್ತು. ಮಗಳು ಐಶ್ವರ್ಯಳನ್ನು ನೋಡಲು ಬಬಲೇಶ್ವರದಿಂದ ಗಂಡಿನವರು ಬರುವವರಿದ್ದರು. ಅಪ್ಪನಿಗೆ ಟಿಬಿಯಂತೆ ಎಂಬ ಸುದ್ದಿ ಬಬಲೇಶ್ವರ ಮುಟ್ಟಲು ಬಸ್ಸೇನೂ ಬೇಕಾಗಿಲ್ಲ.

ಸತ್ಯವ್ವ ಬಿಡುವ ಪೈಕಿಯಲ್ಲ. ಮೂರು ದಿನ ಅವರ ಕಟ್ಟೆಯ ಮೇಲೆ ಕೂತಳು. ಹೋಗಿಬರುವವರು "ಯಾಕವ್ವಾ ಇಲ್ಲಿ?" ಎಂದು ಕೇಳಿದರೆ, "ಏನಿಲ್ಲರೀ, ಸಾವ್ಕಾರ್ರು ಒಂದು ಕೊಡೂದೈತಿ, ಇಸಗೊಂಡು ಹೋಗ್ತೇನಿ" ಎನ್ನುವಳು. ನಾಲ್ಕನೆಯ ದಿನ ಬೆಳಿಗ್ಗೆ ಸಾವ್ಕಾರರೇ ಡಬ್ಬಿ ತುಂಬಿ ಕಳಿಸಿದರು. ಉಗುಳಲ್ಲ, ಅಪ್ಪಟ ಕಫ. ಸತ್ಯವ್ವ ಬೆಳಕಿಗೆ ಹಿಡಿದು ನೋಡಿ ಮೆಚ್ಚಿಕೊಂಡಳು. ಇಷ್ಟು ಚೆನ್ನಾದ ಮಾಲು ಕೊಟ್ಟ ಸಾವ್ಕಾರ ಊರಲ್ಲಿ ಇವರೊಬ್ಬರೇ ಎಂದುಕೊಂಡು ಬಸ್ಸು ಹತ್ತಿದಳು.

ಟಿಕೋಟಾ ದವಾಖಾನೆಯಿಂದ ರಿಪೋರ್ಟು ಬಂತು. ಟಿಬಿ ಇತ್ತು.

ಸತ್ಯವ್ವ ಸಾವ್ಕಾರರನ್ನು ಒಬ್ಬರನ್ನೇ ಬದಿಗೆ ಕರೆದು ಹೇಳಿದಳು. ಆರು ತಿಂಗಳ ಗುಳಿಗೆ, ಒಂದು ದಿನವೂ ತಪ್ಪಬಾರದು, ಪೂರ್ತಿ ವಾಸಿಯಾಗುತ್ತದೆ, ಯಾರಿಗೂ ಹೇಳುವುದಿಲ್ಲ. ಅವರು ಕೂಗಾಡಲಿಲ್ಲ, ಬೈಯಲಿಲ್ಲ. ನಾಲಿಗೆ ನುಂಗಿದವರ ಹಾಗೆ ಕೂತುಬಿಟ್ಟರು. ಇಂಥ ಗಂಡಸರನ್ನು ಅವಳು ಬಹಳ ಜನ ನೋಡಿದ್ದಳು. ದಿನಾ ಬೆಳಿಗ್ಗೆ ಹೋಗಿ ಗುಳಿಗೆ ಕೊಟ್ಟು, ನುಂಗುವುದನ್ನು ನೋಡಿ ಬರತೊಡಗಿದಳು.

ಹತ್ತು ದಿನ ಕಳೆದವು. ಆದರೂ ಅವಳಿಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಗುಳಿಗೆ ಶುರುವಾದವರು ಹೊಟ್ಟೆ ತೊಳಸುತ್ತದೆ, ಬಾಯಿ ಕಹಿ ಎಂದು ಏನಾದರೊಂದು ತಕರಾರು ತೆಗೆದೇ ತೆಗೆಯುತ್ತಾರೆ. ಇವರು ಪ್ರಸಾದ ತಿಂದವರ ಹಾಗೆ ಇದ್ದರು. ಒಂದು ಬೆಳಿಗ್ಗೆ ಅವಳು ಸಾವ್ಕಾರರ ಹೆಂಡತಿ ಗುರುಬಸವ್ವನನ್ನು ಹಿತ್ತಲಿಗೆ ಕರೆದಳು.

"ಅಕ್ಕಾರ, ಒಂದು ಮಾತು. ಸಾವ್ಕಾರ್ರ ಉಚ್ಚಿ ಯಾವ ಬಣ್ಣ ಐತ್ರಿ?"

ಗುರುಬಸವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಥೂ, ನಾಚಿಕಿ ಇಲ್ಲೇನ ನಿನಗ? ಮೂವತ್ತ ವರ್ಷ ಸಂಸಾರ ಮಾಡೇನಿ, ಅದೊಂದು ನೋಡಿಲ್ಲ ನಾ."

"ಹಂಗಾದ್ರ ನಾಳೆ ನೋಡ್ರಿ. ಈ ಗುಳಿಗಿ ಹೊಟ್ಟಿಗೆ ಹೋದ್ರ ಕೇಸರಿ ಹಾಕಿದಂಗ ಕೆಂಪಗಾಗಬೇಕು."

ಮರುದಿನ ಗುರುಬಸವ್ವ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದಳು. ಪತ್ತೇದಾರಿಕೆಯಿಂದ ಅವಳ ಮುಖ ಕಳೆಗಟ್ಟಿತ್ತು. "ಮಳಿ ನೀರ ಇದ್ದಂಗೈತಿ ಬೇ. ಮತ್ತ ಗುಳಿಗಿ ದವಡ್ಯಾಗ ಇಟಗೊಂಡು, ನೀ ಹೋದ ಮ್ಯಾಲ ಗ್ವಾಡಿ ಆಚೆ ಉಗುಳತಾರ. ನನ್ನ ಕಣ್ಣಾರೆ ನೋಡೇನಿ."

ಸತ್ಯವ್ವ ನೇರ ಶೆಡ್ಡಿಗೆ ನಡೆದಳು. ಸಾವ್ಕಾರರು ಒಣಹಣ್ಣಿನ ಬಾಕ್ಸುಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವತ್ತು ಕೆಲಸಕ್ಕೆ ರಜೆ, ಬೇರೆ ಯಾರೂ ಇರಲಿಲ್ಲ.

"ಸಾವ್ಕಾರ್ರ, ನೀವು ಗುಳಿಗಿ ನುಂಗವಲ್ರಿ. ನಿಮ್ಮ ಜೀವದ ಮಾತು ಬಿಡ್ರಿ, ನಾಳೆ ಐಶ್ವರ್ಯಾಗ ಹತ್ತಿದ್ರ ಯಾರು ಹೊಣಿ?"

"ನನಗ ಇಲ್ಲದ ರೋಗಕ್ಕ ನಾ ಯಾಕ ಗುಳಿಗಿ ನುಂಗಲಿ?" ಸಾವ್ಕಾರರು ಕೊನೆಗೂ ಸಿಡಿದರು. "ಅದು ನಂದಲ್ಲ!"

"ಏನು ನಿಮ್ದಲ್ಲ?"

"ಆ ಕಫ."

ಸತ್ಯವ್ವನಿಗೆ ಮೊದಲು ನಗುವೇ ಬಂತು. ಹದಿನಾಲ್ಕು ವರ್ಷದಲ್ಲಿ ಸುಣ್ಣ ನೋಡಿದ್ದಳು, ಎಲೆಅಡಿಕೆ ನೋಡಿದ್ದಳು, ಎರವಲು ಕಫ ನೋಡಿರಲಿಲ್ಲ. ಆದರೆ ನಗು ಅರ್ಧಕ್ಕೇ ನಿಂತಿತು. ಹಾಗಿದ್ದರೆ ರೋಗ ಯಾರಿಗೋ ಇದೆ, ಅವನು ಗುಳಿಗೆ ಇಲ್ಲದೆ ಊರಲ್ಲಿ ಕೆಮ್ಮಿಕೊಂಡು ಓಡಾಡುತ್ತಿದ್ದಾನೆ. ಅವನ ಮನೆಯಲ್ಲಿ ಮಕ್ಕಳಿರಬಹುದು.

"ಯಾರ್ದು? ಹೆಸರು ಹೇಳ್ರಿ. ಈಗಿಂದೀಗ ಹೇಳ್ರಿ."

ಸಾವ್ಕಾರರು ನೆಲ ನೋಡಿದರು. "ನಾನು ವಿಚಾರ ಮಾಡೇ ಮಾಡೇನಿ ಸತ್ಯವ್ವಾ. ಆಶಾ ಮನಿ ಗಂಡಸು, ಮನ್ಯಾಗ ಹೆಂಡತಿ ದಿನಾ ಅವನ ಕೆಮ್ಮು ಕಾಯಾಕತ್ತಾಳ. ಅವನ ಕಫದಷ್ಟು ಚೊಕ್ಕ ಕಫ ಈ ಊರಾಗ ಎಲ್ಲಿ ಸಿಗತೈತಿ ಅಂತ... ಭಾಗಪ್ಪಗ ಕೇಳಿದೆ. ಅವ ಇಲ್ಲ ಅನ್ನಲಿಲ್ಲ."

ಸತ್ಯವ್ವ ಬಾಕ್ಸಿನ ಮೇಲೆ ಕೂತುಬಿಟ್ಟಳು. ಸಾವ್ಕಾರರ ಮನೆಯಲ್ಲಿ ಬಂದವರಿಗೆಲ್ಲ ಸ್ಟೀಲ್ ಲೋಟದಲ್ಲಿ ಚಹಾ, ಭಾಗಪ್ಪನಿಗೆ ಮಾತ್ರ ಕಾಗದದ ಕಪ್ಪು. ಅವನು ಮುಟ್ಟಿದ ಲೋಟ ಒಳಗೆ ಬರಬಾರದು ಎನ್ನುವವರು ಅವನ ಎದೆಯೊಳಗಿನ ಕಫವನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲು ಒಂದಿಷ್ಟೂ ಮೈಲಿಗೆ ಎನ್ನಲಿಲ್ಲ. ಬೇರೆ ದಿನವಾಗಿದ್ದರೆ ಇದನ್ನೇ ಹಿಡಿದು ಅವರನ್ನು ಅಲ್ಲೇ ಒಣಗಲು ಹಾಕುತ್ತಿದ್ದಳು. ಅವತ್ತು ಅವಳ ಕಣ್ಣೆದುರು ಇದ್ದದ್ದು ಭಾಗಪ್ಪನ ಎದೆಯ ಮೇಲೆ ಮಲಗಿದ ಕೂಸು. ರಿಪೋರ್ಟು ಬಂದ ಮೇಲೂ ಹನ್ನೆರಡು ಸಂಜೆ ಅದು ಅಲ್ಲೇ ಮಲಗಿತ್ತು.

ಮನೆಗೆ ಓಡುತ್ತಲೇ ಬಂದಳು. ಭಾಗಪ್ಪ ಪಡಸಾಲೆಯಲ್ಲಿ ಕೂತು ಕೂಸಿನ ಬೆರಳು ಎಣಿಸುತ್ತಿದ್ದ. ಅವನ ತೊಡೆಯ ಮೇಲಿಂದ ಕೂಸನ್ನು ಕಸಿದು ಮಾಲಾಳ ಕೈಗೆ ಕೊಟ್ಟು, "ಹೊರಗ ನಡಿ" ಎಂದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಸಾವ್ಕಾರ್ರಿಗೆ ಡಬ್ಬ್ಯಾಗ ಕಫ ಕೊಟ್ಟೀರೇನು?"

"ಹೂಂ. ಕೇಳಿದ್ರು, ಕೊಟ್ಟೆ. ಕಫ ಕೇಳಿದವರು ಅವರೊಬ್ಬರ. ಇಲ್ಲ ಅನ್ನಾಕ ಅದೇನು ಹೊಲಾ ಏನ?"

"ನನಗ ಯಾಕ ಹೇಳಲಿಲ್ಲ?"

"ಯಾರಿಗೂ ಹೇಳಬ್ಯಾಡ ಅಂದ್ರು. ಮತ್ತ ನನಗೇನೈತಿ ಅಂತ ಹೇಳ್ಲಿ? ನೀನ ಹೇಳಿದ್ದಿ, ಗಂಧಕದ ಕೆಮ್ಮು ಅಂತ."

ಸಿಟ್ಟಿನಿಂದ ಆಡಿದ ಮಾತಲ್ಲ ಅದು. ನಂಬಿದ್ದನ್ನು ಹೇಳಿದ್ದ ಅಷ್ಟೇ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಾಲಾ ಮಾತ್ರ ಬಿಡಲಿಲ್ಲ. "ಊರಿಗೆಲ್ಲಾ ಡಬ್ಬಿ ಹಂಚಿದಿ. ಅಪ್ಪಗ ಕೊಡಾಕ ಒಂದ ಡಬ್ಬಿ ಉಳೀಲಿಲ್ಲೇನ ಬೇ ನಿನ್ನ ಚೀಲದಾಗ?" ಎಂದಳು. ಸತ್ಯವ್ವ ಅಡುಗೆಮನೆಗೆ ಹೋಗಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದು, ಚೀಲದಿಂದ ಮೂರು ಡಬ್ಬಿ ತೆಗೆದಳು. ಭಾಗಪ್ಪನಿಗೆ ಒಂದು, ಮಾಲಾಗೆ ಒಂದು, ತನಗೊಂದು.

ಮರುದಿನ ಟಿಕೋಟಾ ದವಾಖಾನೆಗೆ ಹೋದದ್ದು ಒಂದು ದಿಬ್ಬಣವೇ. ಸಾವ್ಕಾರರೂ ಬರಬೇಕಾಯಿತು. ಅವರ ಹೆಸರಿನ ಮುಂದಿದ್ದ ಟಿಬಿಯನ್ನು ತೆಗೆಸಬೇಕೆಂದರೆ ಅವರ ಸ್ವಂತ ಕಫ ಬೇಕಲ್ಲ! "ಈ ಸಲ ನನ್ನ ಮುಂದ ಕೊಡ್ರಿ" ಎಂದು ಡಾಕ್ಟರು ಅವರನ್ನು ಹೊರಗಿನ ಬೇವಿನ ಗಿಡದ ಕೆಳಗೆ ನಿಲ್ಲಿಸಿದರು. ಸೂಜಿಗೆ ಬಂದು ಸಾಲಾಗಿ ನಿಂತಿದ್ದ ಜನ ನೋಡುತ್ತಿದ್ದಂತೆ ಘೋಣಸಗಿಯ ದೊಡ್ಡ ಮನುಷ್ಯರು ಹೊಟ್ಟೆ ಹಿಡಿದುಕೊಂಡು ಕೆಮ್ಮಿದರು. ಎರಡು ತಿಂಗಳು ಊರಿಗೆಲ್ಲ ಕೇಳುವಂತೆ ಕೆಮ್ಮಿದವರಿಗೆ ಬೇಕೆಂದಾಗ ಕೆಮ್ಮು ಬರಲೊಲ್ಲದು. ಕಡೆಗೂ ಬಂತು. ಅವರಿಗೆ ಏನೂ ಇರಲಿಲ್ಲ, ಬರೀ ಗಂಧಕ. ಬಬಲೇಶ್ವರದವರು ಬಂದು ಹುಡುಗಿ ನೋಡಿ, ಉಪ್ಪಿಟ್ಟು ತಿಂದು, ಒಪ್ಪಿಕೊಂಡು ಹೋದರು.

ಭಾಗಪ್ಪನಿಗೆ ಟಿಬಿ ಇದ್ದದ್ದು ಖಾತ್ರಿಯಾಯಿತು. ಮಾಲಾ, ಸತ್ಯವ್ವ ಇಬ್ಬರಿಗೂ ಇರಲಿಲ್ಲ. ಕೂಸನ್ನು ವಿಜಯಪುರದ ದೊಡ್ಡ ದವಾಖಾನೆಗೆ ಒಯ್ದು ಎದೆಯ ಫೋಟೋ ತೆಗೆಸಿದರು. ಫೋಟೋ ಬರುವ ತನಕ ಸತ್ಯವ್ವ ಆ ಕಾರಿಡಾರಿನಲ್ಲಿ ಯಾರ ಕೆಮ್ಮನ್ನೂ ಕೇಳಿಸಿಕೊಳ್ಳಲಿಲ್ಲ. ಕೂಸಿನ ಎದೆ ಸ್ವಚ್ಛವಿತ್ತು. ರೋಗ ಬರದಂತೆ ಆರು ತಿಂಗಳು ಗುಳಿಗೆ ಕೊಡಬೇಕೆಂದರು, ಪುಡಿ ಮಾಡಿ, ದಿನಾ. ಕೂಸು ಅದನ್ನು ಫುರ್ರೆಂದು ಉಗುಳಿ ಅಜ್ಜಿಯ ಮುಖಕ್ಕೇ ಹಾರಿಸುತ್ತಿತ್ತು.

ಭಾಗಪ್ಪ ಮಾಸ್ಕು ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಹಾಸಿಗೆ ಹಾಕಿದ. ಗುಳಿಗೆ ನುಂಗುವುದರಲ್ಲಿ ಅವನು ಒಂದು ದಿನವೂ ತಪ್ಪಲಿಲ್ಲ. ಹೊಟ್ಟೆ ತೊಳಸಿತು, ಬಾಯಿ ಕಹಿಯಾಯಿತು, ಕೇಸರಿ ಬಣ್ಣವೂ ಬಂತು. ಒಳಗೆ ಕೂಸು ಅತ್ತರೆ ಎದ್ದು ಕೂರುತ್ತಿದ್ದ. "ಇನ್ನ ಎಷ್ಟು ದಿನಾ ಹಿಂಗ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದ. ಗುಳಿಗೆ ಶುರುವಾಗಿ ಎರಡು ವಾರಕ್ಕೆ ರೋಗ ಇನ್ನೊಬ್ಬರಿಗೆ ಹತ್ತುವುದು ನಿಲ್ಲುತ್ತದೆ ಎಂದು ಊರಿಗೆಲ್ಲ ಥಟ್ಟನೆ ಹೇಳುವ ಸತ್ಯವ್ವ, ಅವನಿಗೆ ಮಾತ್ರ "ಡಾಕ್ಟರು ಹೇಳಬೇಕು" ಎನ್ನುತ್ತಿದ್ದಳು.

ಎರಡು ವಾರ ದಾಟಿದ ಮೇಲೆ ಡಾಕ್ಟರು ಪರೀಕ್ಷಿಸಿ, ಇನ್ನು ಕೂಸನ್ನು ಎತ್ತಿಕೊಳ್ಳಬಹುದು ಎಂದರು. ಸತ್ಯವ್ವ ಅಲ್ಲೇ ನಿಂತು ಅದನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಂಡಳು. ಡಾಕ್ಟರಿಗೆ ಆಶ್ಚರ್ಯವಾಯಿತು. "ನಿಮಗ ಗೊತ್ತಿರೂದಲ್ಲೇನ್ರಿ ಇದು?" ಎಂದು ಕೇಳಿದರು. ಅವಳು ಚೀಟಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮನೆಗೆ ಬಂದು ಮಾಲಾಳ ಕೈಯಿಂದ ಕೂಸನ್ನು ಇಸಿದುಕೊಂಡು ಕಟ್ಟೆಗೆ ಬಂದಳು. "ಎತ್ತಿಕೊಳ್ರಿ."

ಭಾಗಪ್ಪ ಎರಡೂ ಕೈ ಚಾಚಿದ. ಚಾಚಿದವನು ಹಿಂದಕ್ಕೆ ತೆಗೆದು ಗೋಡೆಗೆ ಒರಗಿ ಕೂತ. "ಇನ್ನೊಂದು ವಾರ ಹೋಗ್ಲಿ ಬಿಡು."

"ಡಾಕ್ಟರು ಹೇಳ್ಯಾರ."

"ಅವರು ಹೇಳ್ತಾರ. ನೀ ಹೇಳು. ಕೂಸಿಗೆ ಖರೇನ ಏನೂ ಆಗೂದಿಲ್ಲ?"

ಇಷ್ಟಾದ ಮೇಲೂ ಅವನು ಡಾಕ್ಟರ ಮಾತಿಗಿಂತ ಸತ್ಯವ್ವನ ಮಾತನ್ನೇ ಕಾಯುತ್ತಿದ್ದ. "ನನ್ನ ಮಾತು ನಂಬಬ್ಯಾಡ್ರಿ" ಎಂದಳು. "ಗಂಧಕದ್ದು ಅಂದಾಕಿ ನಾನ. ತಪ್ಪು ನಂದು. ಚೀಟಿ ತಂದೇನಿ, ಓದಿಕೊಳ್ರಿ."

"ನನಗೆಲ್ಲಿ ಓದಾಕ ಬರತೈತಿ? ನೀನ ಓದು."

ಸತ್ಯವ್ವ ಕೂಸನ್ನು ಸೊಂಟಕ್ಕೆ ಸರಿಸಿಕೊಂಡು ಚೀಟಿ ಬಿಚ್ಚಿದಳು. ತಾರೀಖಿನಿಂದ ಹಿಡಿದು ಡಾಕ್ಟರ ಸಹಿಯವರೆಗೆ, ತನ್ನ ಕಡೆಯಿಂದ ಒಂದಕ್ಷರವನ್ನೂ ಸೇರಿಸದೆ, ಗಂಡನಿಗೆ ಓದಿ ಹೇಳಿದಳು.