ಗುಂಡಿಯ ತಳ ನೋಡದವರು

ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದು ನಾನಲ್ಲ. ಉಪ್ಪಿನಕಾಯಿ ಜಾಡಿಗೂ ನಾನು ಕೈ ಹಾಕುವುದಿಲ್ಲ, ಹಿತ್ತಲಲ್ಲಿ ಅವರೆ ಬೀಜವನ್ನೂ ಊರುವುದಿಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ. ನಾನು ಹಾಲಿನ ಪಾತ್ರೆಯ ಹತ್ತಿರ ಹೋದರೆ ಅತ್ತೆ ಮೆಲ್ಲಗೆ ಬಂದು, ನೀನು ಅನ್ನ ನೋಡಿಕೋ ಹೋಗು, ಇದನ್ನು ನಾನು ಮಾಡುತ್ತೇನೆ ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ. ಅನ್ನ ಬೇಯಿಸುವುದಕ್ಕೆ ನನ್ನ ಕೈ ಆಗುತ್ತದೆ. ಬೆಳೆಯಬೇಕಾದದ್ದಕ್ಕೆ, ಕೆಡದೆ ಉಳಿಯಬೇಕಾದದ್ದಕ್ಕೆ ಆಗುವುದಿಲ್ಲ.

ಇದಕ್ಕೆಲ್ಲ ಕಾರಣ ಬೋರೆಯ ಮಣ್ಣು.

ನಾನು ತಿಪಟೂರಿನಲ್ಲಿ ಹುಟ್ಟಿ, ಅಲ್ಲೇ ಕಾನ್ವೆಂಟಿನಲ್ಲಿ ಓದಿ, ಕಂದಿಕೆರೆ ಕಡೆಯ ಈ ಊರಿಗೆ ಸೊಸೆಯಾಗಿ ಬಂದವಳು. ಊರಾಚೆ ಒಂದು ದಿಬ್ಬವಿದೆ, ಅದನ್ನೇ ಎಲ್ಲರೂ ಬೋರೆ ಎನ್ನುವುದು. ಅದರ ಮೇಲೆ ನಮ್ಮ ಮಾವನವರದೊಂದು ಹೊಲ. ಹೊಲವೆಂದು ಕರೆಯುತ್ತಿದ್ದರೇ ಹೊರತು ಅಲ್ಲಿ ಬೆಳೆದದ್ದು ಹುಲ್ಲು ಮಾತ್ರ. ಕರಡದ ಹುಲ್ಲು, ಅಲ್ಲಲ್ಲಿ ತಂಗಡಿ, ಬಂದ್ರೆ ಗಿಡಗಳು, ಬೇಲಿ ಸಾಲಿಗೆ ಕಾರೆ ಮುಳ್ಳು. ಮುಂಗಾರಿನ ಮೊದಲ ಹದಕ್ಕೆ ಹುಲ್ಲು ಎಷ್ಟು ಚೆನ್ನಾಗಿ ಎದ್ದು ನಿಲ್ಲುತ್ತಿತ್ತೆಂದರೆ, ಕುರಿ ಕಾಯುವವರು ಅದನ್ನು ಹೊಗಳಿಕೊಂಡೇ ಹೋಗುತ್ತಿದ್ದರು. ಆ ನೆಲಕ್ಕೆ ಗೊತ್ತಿದ್ದ ಕೆಲಸ ಅದು.

ಮೇಲೆ ಇರುವುದು ಒಂದು ಗೇಣು ಮಣ್ಣು. ಅದರಲ್ಲೂ ಅರ್ಧ ಕಲ್ಲು. ಬೆಣಚುಕಲ್ಲಿನ ಚೂರುಗಳು ತೆಳು ಚಪ್ಪಲಿಯ ಅಡಿಯಿಂದಲೇ ಪಾದಕ್ಕೆ ಒತ್ತುತ್ತವೆ. ಆ ಗೇಣು ಮಣ್ಣು ಮುಗಿದ ಕೂಡಲೇ ಬಿಳಿಯ ಪದರ. ಸುಣ್ಣ, ಮರಳು, ಹರಳು ಎಲ್ಲ ಕಲೆತು ಹಳೆಯ ಮನೆಗಳ ಗಾರೆ ನೆಲದ ಹಾಗೆ ಬಿಗಿದುಕೊಂಡು ಕೂತಿದೆ. ಹಾರೆ ಹಾಕಿದರೆ ಟಣ್ ಎನ್ನುತ್ತದೆ. ಮಳೆ ಹಿಡಿದರೆ ನೀರು ಕೆಳಗಿಳಿಯಲು ದಾರಿಯಿಲ್ಲದೆ ಗಾರೆಯ ಮೇಲೇ ನಿಂತು ಕಣಕಾಲು ಹೂತುಹೋಗುವ ಕೆಸರು. ಮಳೆ ಬಿಟ್ಟರೆ ಅಷ್ಟೇ ಬೇಗ ಒಣಗಿ, ಕೈಯಲ್ಲಿ ಹಿಡಿದರೆ ಬೂದಿಯ ಹಾಗೆ ಬೆರಳ ಸಂದಿಯಲ್ಲಿ ಸುರಿದುಹೋಗುತ್ತದೆ. ಹುಲ್ಲಿನ ಬೇರಿಗೆ ಗೇಣು ಸಾಕು. ತೆಂಗಿಗೆ ಸಾಕೇ?

ಆದರೆ ನಮ್ಮ ಕಡೆ ತೆಂಗಿಲ್ಲದ ಜಮೀನು ಜಮೀನೇ ಅಲ್ಲ. ಹೆಣ್ಣು ಕೊಡುವವರು ಮೊದಲು ಕೇಳುವುದು ಮರ ಎಷ್ಟಿವೆ ಎಂದು. ಬೋರೆಯ ಹೊಲ ಬರೀ ಹುಲ್ಲಾಗಿ ಬಿದ್ದಿರುವುದು ಮಾವನವರಿಗೆ ಅವಮಾನದ ಹಾಗಿತ್ತು. ನಮ್ಮ ಮದುವೆಯಾದ ವರ್ಷವೇ ಕೊಳವೆ ಬಾವಿಯಿಂದ ಅಲ್ಲಿಗೆ ಪೈಪು ಎಳೆಸಿ ಗುಂಡಿ ತೆಗೆಸಿದರು. ಹೊಸ ತೋಟದ ಮೊದಲ ಸಸಿಯನ್ನು ಮನೆಗೆ ಬಂದ ಹೊಸ ಸೊಸೆಯ ಕೈಯಲ್ಲಿ ಇಡಿಸುವುದು ಈ ಮನೆಯ ಪದ್ಧತಿ. ಅವಳ ಕೈಗುಣ ಇಡೀ ತೋಟಕ್ಕೆ ಹಬ್ಬುತ್ತದಂತೆ. ನನಗೆ ರೇಷ್ಮೆ ಸೀರೆ ಉಡಿಸಿ, ಕೈಗೆ ಅರಿಶಿನ ಹಚ್ಚಿ ಕರೆದುಕೊಂಡು ಹೋದರು. ಗುಂಡಿ ನನ್ನ ಮೊಣಕಾಲಿಗೂ ಬರುವಂತಿರಲಿಲ್ಲ. ಮೇಲೆ ಮರಳು, ಉಪ್ಪು, ಸೊಪ್ಪು ತುಂಬಿ ತಳ ಕಾಣದ ಹಾಗೆ ಮಾಡಿದ್ದರು. ಒಂದು ಮೂಲೆಯಲ್ಲಿ ಮಾತ್ರ ಬಿಳಿ ಇಣುಕುತ್ತಿತ್ತು. ಶಾಲೆಯಲ್ಲಿ ನಾವು ಮೇಲ್ಮಣ್ಣು, ಕೆಳಮಣ್ಣು, ಬಂಡೆ ಎಂದು ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಬರೆದದ್ದು ನೆನಪಾಯಿತು. ಹೊಸ ಸೊಸೆ, ಏನು ಕೇಳುವುದು? ಸಸಿ ಇಟ್ಟು ನಮಸ್ಕಾರ ಮಾಡಿದೆ.

ಮೊದಲ ಮಳೆಗಾಲದಲ್ಲೇ ಗುಂಡಿಗಳು ನೀರು ತುಂಬಿದ ಮಡಕೆಗಳಾದವು. ಆಮೇಲೆ ಬೇಸಿಗೆಗೆ ಸುಳಿ ಒಣಗಲು ಶುರುವಾಯಿತು. ನೀರು ಹೆಚ್ಚು ಬಿಟ್ಟರು, ಗೊಬ್ಬರ ಹಾಕಿದರು, ಔಷಧಿ ಹೊಡೆದರು. ಕೆಲವು ಸತ್ತವು, ಮಿಕ್ಕವು ವರ್ಷಗಟ್ಟಲೆ ಸೊಂಟದೆತ್ತರಕ್ಕೆ ನಿಂತು ಗರಿಯನ್ನೂ ಬಿಡಿಸದೆ ಹಳದಿಯಾಗಿ ಉಳಿದವು. ನೀರು ಕೊಟ್ಟಾಗಿತ್ತು, ಗೊಬ್ಬರ ಕೊಟ್ಟಾಗಿತ್ತು, ಸಸಿ ಒಳ್ಳೆಯ ತೋಟದಿಂದಲೇ ತಂದದ್ದು. ಇನ್ನು ಉಳಿದದ್ದೇನು? ನನ್ನ ಕೈ.

ಅದನ್ನು ಜಗಳವಾಡಿ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ. ಹಾಗೆ ಹೇಳಲಿಲ್ಲ. ಹೆಪ್ಪಿನ ಪಾತ್ರೆ ಮೇಲಿನ ಗೂಡಿಗೆ ಹೋಯಿತು. ರಾಗಿ ಬಿತ್ತುವ ದಿನ ಬುಟ್ಟಿಯಿಂದ ಮೊದಲ ಹಿಡಿ ಎತ್ತಿಕೊಡಲು ನನ್ನನ್ನು ಕರೆಯಲಿಲ್ಲ. ನೆಂಟರ ಮನೆಯಲ್ಲಿ ಯಾರೋ ನನಗೆ ಮಲ್ಲಿಗೆಯ ಬಳ್ಳಿ ಕೊಟ್ಟರೆ, ಅತ್ತೆ ದಾರಿಯಲ್ಲೇ ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಯಜಮಾನರಿಗೆ ಹೇಳಿದರೆ, ದೊಡ್ಡವರು, ಏನೋ ಅಂದುಕೊಳ್ಳುತ್ತಾರೆ, ನೀನು ತಲೆಗೆ ಹಾಕಿಕೊಳ್ಳಬೇಡ ಎಂದು ಪೇಪರು ತಿರುವಿದರು. ದನಿ ಎತ್ತದೆ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ನಾನು ಚೆನ್ನಾಗಿಯೇ ಕಲಿತಿದ್ದೆ.

ಮೈದುನನ ಮದುವೆ ಗೊತ್ತಾದಾಗ ಬೋರೆಯನ್ನು ಮತ್ತೆ ತೋಟ ಮಾಡುವ ಮಾತು ಎದ್ದಿತು. ಹುಡುಗಿ ದಬ್ಬೇಘಟ್ಟದ ಕಡೆಯವಳು, ನಾಲೆ ನೀರು ಹರಿಯುವ, ಭತ್ತ ಬೆಳೆಯುವ ಜಾಗ. ಆ ಊರಿನ ಹೆಣ್ಣಿನ ಕೈಯೇ ತಂಪು ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿರುವಾಗಲೂ ಹೇಳಿದರು.

ಹಳೆಯ ಗಿಡ ಕೀಳಲು ಜೆಸಿಬಿ ಬಂತು. ಕೆಲಸದವರಿಗೆ ಕಾಫಿ ಕೊಡಲು ನಾನು ಫ್ಲಾಸ್ಕು ಹಿಡಿದು ಹೋಗಿದ್ದೆ. ಮೊದಲ ಗಿಡ ಮೇಲೆದ್ದಾಗ ಅದರ ಬೇರು ಕಂಡೆ. ಬೇರು ಕೆಳಗೆ ಹೋಗಿರಲೇ ಇಲ್ಲ. ಗಾರೆಗೆ ತಗುಲಿ, ಪಕ್ಕಕ್ಕೆ ತಿರುಗಿ, ಗುಂಡಿಯ ಗೋಡೆಗೆ ತಗುಲಿ ಮತ್ತೆ ತಿರುಗಿ, ಸುತ್ತಿ ಸುತ್ತಿ ಅಡಿ ರೊಟ್ಟಿ ಹೆಂಚಿನ ಹಾಗೆ ಚಪ್ಪಟೆಯಾಗಿತ್ತು. ಅರ್ಧ ಕೊಳೆತಿತ್ತು. ಎರಡನೆಯದೂ ಹಾಗೇ. ಆಮೇಲಿನದೂ ಹಾಗೇ. ಯಜಮಾನರನ್ನು ಕರೆದು ತೋರಿಸಿದೆ. ನೋಡಿದರು, ಹೂಂ ಎಂದರು, ಈಗ ಅದೆಲ್ಲ ಯಾಕೆ ಎಂದು ಫೋನು ಕಿವಿಗಿಟ್ಟುಕೊಂಡು ಅತ್ತ ಹೋದರು.

ಇಷ್ಟು ವರ್ಷ ಒಬ್ಬರಾದರೂ ಒಂದು ಗಿಡ ಕಿತ್ತು ನೋಡಬಹುದಿತ್ತು.

ಹೊಸ ಗುಂಡಿಗಳನ್ನೂ ಅಲ್ಲೇ ತೋಡಿದರು. ಜೆಸಿಬಿಯ ಹಲ್ಲು ಗಾರೆಗೆ ತಗುಲಿ ಕಿರ್ರೆಂದಾಗ ಮಾವನವರು ಸಾಕೆಂದು ಕೈಸನ್ನೆ ಮಾಡಿದರು. ಒಡೆದು ಕೆಳಗೆ ಹೋದರೆ ಮಣ್ಣು ಸಿಗುತ್ತದೋ ಇಲ್ಲವೋ, ನೋಡಿದವರೇ ಇಲ್ಲ. ಮಾರನೆಯ ದಿನ ಬೆಳಿಗ್ಗೆ ಒಂದು ಗುಂಡಿಗೆ ನಾನೇ ಪೈಪು ಹಿಡಿದು ನೀರು ಬಿಟ್ಟೆ. ಸಂಜೆ ಹೋಗಿ ನೋಡಿದರೆ ಬಹುಪಾಲು ಹಾಗೇ ಇತ್ತು, ಮೇಲೆ ಇರುವೆಗಳು ತೇಲುತ್ತಿದ್ದವು. ಮಾವನವರಿಗೆ ಹೇಳಿದೆ. ಅವರು ಎಲೆ ಅಡಿಕೆ ಅಗಿಯುತ್ತ, ಸಮಾಧಾನವಾಗಿ, "ನೀರ್ ನಿಂತ್ರೆ ಒಳ್ಳೇದೇ ಅಲ್ವೇನಮ್ಮ, ಮೋಟ್ರು ಖರ್ಚು ಉಳೀತು" ಎಂದರು.

ಮದುವೆ ಮುಗಿದ ಮೇಲೆ, ಸಸಿ ಇಡುವ ಬೆಳಿಗ್ಗೆ ಓರಗಿತ್ತಿಯನ್ನು ಸಿಂಗರಿಸಿ ಕರೆತಂದರು. ಪಕ್ಕದ ಮನೆಯ ಹೆಂಗಸರೂ ಬಂದಿದ್ದರು. ಪಾಪ, ಹುಡುಗಿ ಖುಷಿಯಾಗಿದ್ದಳು. ಸೀರೆ ಎತ್ತಿ ಹಿಡಿದು, ಕಲ್ಲು ಚುಚ್ಚದ ಹಾಗೆ ನೋಡಿ ನೋಡಿ ಹೆಜ್ಜೆ ಹಾಕುತ್ತಿದ್ದಳು, ಅವಳ ಉಗುರುಬಣ್ಣದ ಮೇಲೆ ಅರಿಶಿನ ಮೆತ್ತಿಕೊಂಡಿತ್ತು. ಅತ್ತೆ ಅವಳ ಕೈಗೆ ಸಸಿ ಕೊಟ್ಟರು. ಅವಳು ಬಗ್ಗಿದಳು. ನಾನು ಮುಂದೆ ಹೋಗಿ ಅವಳ ಮಣಿಕಟ್ಟು ಹಿಡಿದೆ.

"ಇವ್ಳು ಇಡೋದು ಬೇಡ ಮಾವ. ನೀವೇ ಇಡಿ."

ಯಾರಿಗೂ ಅರ್ಥವಾಗಲಿಲ್ಲ. ಪಕ್ಕದ ಮನೆಯಾಕೆ ನಕ್ಕು, "ದೊಡ್ಡ ಸೊಸೆ ಕೈ ಆಗ್ಲಿಲ್ಲ, ಚಿಕ್ಕೋಳ್ ಕೈನೂ ಬ್ಯಾಡ್ವಂತೆ. ಇನ್ ಜೆಸಿಬಿ ಕೈಲೇ ಇಡಿಸ್ಬೇಕು ಕಣವ್ವ" ಎಂದಳು. ಉಳಿದವರೂ ನಕ್ಕರು.

ಅತ್ತೆ ನಗಲಿಲ್ಲ. "ಹೊಸ ಸೊಸೆ ಇಡೋದು ಪದ್ಧತಿ ಕಣೇ. ನಿನ್ಗ್ಯಾಕೆ ಹೊಟ್ಟೆ ಉರಿ?"

"ಹೊಟ್ಟೆ ಉರಿ ಇದೆ ಅತ್ತೆ. ಇವ್ಳ ಮೇಲಲ್ಲ" ಎಂದೆ. ನನ್ನ ದನಿ ಆಗಲೂ ಏರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. "ಗುಂಡಿ ತಳ ನೋಡಿ. ಆ ಗಾರೇಲಿ ಯಾರ್ ಇಟ್ರೂ ಸಾಯತ್ತೆ. ಸತ್ಮೇಲೆ ಇವ್ಳನ್ನೂ ಹೆಪ್ಪಿನ ಪಾತ್ರೆ ಹತ್ರ ಬಿಡಲ್ಲ ನೀವು. ನನ್ನ ಬಿಡದಂಗೆ."

ಹೆಂಗಸರು ಸೆರಗು ಸರಿಮಾಡಿಕೊಂಡರು. ಯಜಮಾನರು ಪೈಪಿನ ತಿರುಪು ಬಿಗಿಮಾಡುತ್ತಿರುವ ಹಾಗೆ ಕೂತುಬಿಟ್ಟರು. ಮೈದುನ ಅಪ್ಪನ ಮುಖ ನೋಡಿದ. ಆಗ ಓರಗಿತ್ತಿಯೇ ಸಸಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ನಂಗೆ ಬ್ಯಾಡ ಬುಡಿ ಮಾವ" ಎಂದಳು.

ಮಾವನವರು ಕೆಂಪಾದರು. ಹೆಣ್ಣುಮಕ್ಕಳನ್ನು ಓದಿಸಿದರೆ ಹೀಗೇ ಎಂದು ಯಾರಿಗೋ ಹೇಳಿದ ಹಾಗೆ ಹೇಳಿ, ಪಂಚೆ ಮಡಿಚಿ ಕಟ್ಟಿ, ಮೊದಲ ಸಸಿಯನ್ನು ತಾವೇ ಇಟ್ಟರು. ಮಿಕ್ಕವನ್ನೂ ತಮ್ಮೆದುರಿಗೇ ಇಡಿಸಿದರು. ಅವತ್ತಿನಿಂದ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಊಟ ಬಡಿಸಿದರೆ ತಟ್ಟೆ ನೋಡಿ ಉಂಡು ಏಳುತ್ತಿದ್ದರು.

ಆ ಸಸಿಗಳು ಎರಡು ಬೇಸಿಗೆ ಕೂಡ ಪೂರ್ತಿ ಕಾಣಲಿಲ್ಲ. ಹಿಂದಿನ ಹಾಗೆಯೇ ನೀರಿನಲ್ಲಿ ನಿಂತು, ಬಿಸಿಲಿನಲ್ಲಿ ಸುಳಿ ಒಣಗಿ ಹೋದವು. ನಾನು ಕಾಯುತ್ತಿದ್ದೆ. ಮಾವನವರ ಕೈಗುಣದ ಬಗ್ಗೆ ಯಾರಾದರೂ ಏನಾದರೂ ಹೇಳುತ್ತಾರೇನೋ ಎಂದು ನಿಜಕ್ಕೂ ಕಾಯುತ್ತಿದ್ದೆ. ಮಾವನವರು ಎಂದಿನ ಹಾಗೆ ರಾಗಿ ಹೊಲಕ್ಕೆ ಹೋಗಿ ಮೊದಲ ಹಿಡಿ ಚೆಲ್ಲಿ ಬಂದರು. ನೆಂಟರು ತಮ್ಮ ತೋಟದಲ್ಲಿ ಅಡಿಕೆ ಸಸಿ ಇಡಲು ಅವರನ್ನೇ ಕರೆದರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ನಾನು ಒಳಗೆ ಹುರುಳಿಕಾಯಿ ಬಿಡಿಸುತ್ತಿದ್ದೆ. ಅತ್ತೆ ಜಗಲಿಯ ಮೇಲೆ ಪಕ್ಕದ ಮನೆಯಾಕೆಯ ಜೊತೆ ಕೂತಿದ್ದರು. ತೆಂಗಿನ ಮಾತು ಬಂತು. "ಆ ಬೋರೆ ಮಣ್ಣೇ ಸರೀಗಿಲ್ಲ ಕಣವ್ವ. ಗೇಣ್ ಮಣ್ಣು, ಕೆಳಗೆಲ್ಲ ಗಾರೆ. ಯಾರ್ ಏನ್ ಮಾಡಕ್ಕಾಯ್ತದೆ?" ಎಂದರು ಅತ್ತೆ.

ನಾನು ತಟ್ಟೆ ಕೆಳಗಿಟ್ಟು ಬಾಗಿಲಿಗೆ ಬಂದು ಕೇಳಿದೆ. "ಯಾವಾಗಿಂದ ಅತ್ತೆ?"

"ಏನು ಯಾವಾಗಿಂದ?"

"ಮಣ್ಣು ಸರಿ ಇಲ್ದೆ ಇರೋದು."

ಅವರು ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಕಪಟ ಇರಲಿಲ್ಲ, ಅದನ್ನು ನೋಡಿ ನನಗೆ ಮೈ ಉರಿಯಿತು. "ಮೊದ್ಲಿಂದ್ಲೂ ಅಂಗೇ ಅಲ್ವೇನೇ. ನಂ ಅತ್ತೆ ಕಾಲ್ದಿಂದ್ಲೂ ಗೊತ್ತಿರೋದೇ" ಎಂದು, ಮಾತು ಅಲ್ಲಿಗೆ ಬಿಟ್ಟು, ಪಕ್ಕದ ಮನೆಯಾಕೆಯ ಕಡೆ ತಿರುಗಿದರು.